ಶನಿವಾರದ ಕಬ್ಬಿಣ

ಲಂಡನ್ನಿನಲ್ಲಿ ಹಿಮ ಬೀಳುವುದೇ ಅಪರೂಪ ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರೆಲ್ಲ ಸಮತಟ್ಟಾದ ಜಾಗದಲ್ಲಿ ಇರುವವರು. ಹೇಸ್‌ನಲ್ಲೋ ಈಸ್ಟ್ ಹ್ಯಾಮಿನಲ್ಲೋ ಬೆಳಿಗ್ಗೆ ಬಿದ್ದ ಹಿಮ ಮಧ್ಯಾಹ್ನಕ್ಕೆ ಕೆಸರಾಗಿ ಸಂಜೆಗೆ ಮರೆತೇ ಹೋಗಿರುತ್ತದೆ. ನಮ್ಮ ಮನೆ ಇರುವುದು ಕ್ರಾಯ್ಡನ್ ದಾಟಿ, ಲಂಡನ್ನಿನ ದಕ್ಷಿಣದ ಅಂಚಿನ ಗುಡ್ಡಗಳ ನಡುವೆ, ಒಂದು ಕಡಿದಾದ ರಸ್ತೆಯ ತಳದಲ್ಲಿ. ರಸ್ತೆ ನಮ್ಮ ಮನೆಯ ಮುಂದೆಯೇ ಮುಗಿಯುತ್ತದೆ. ಹಾಲು ತರಬೇಕಾದರೂ ಆ ಏರು ಹತ್ತಿಯೇ ಹೋಗಬೇಕು. ಕೌನ್ಸಿಲ್ಲಿನ ಗಾಡಿ ಉಪ್ಪು ಹಾಕುವುದು ಮೇಲಿನ ದೊಡ್ಡ ರಸ್ತೆಗೆ ಮಾತ್ರ. ನಮ್ಮ ರಸ್ತೆಗೆ ಬಿದ್ದ ಹಿಮ ತಾನಾಗಿ ಕರಗುವವರೆಗೆ ಅಲ್ಲೇ ಬಿದ್ದಿರುತ್ತದೆ.

ಮನೆ ಕೊಂಡಾಗ ಇದೆಲ್ಲ ಚೆಂದವೇ ಇತ್ತು. ಹಿತ್ತಲಿಗೆ ನರಿ ಬರುತ್ತದೆ, ಕಿಟಕಿಯಿಂದ ಕಾಡು ಕಾಣುತ್ತದೆ ಎಂದು ಬಂದವರಿಗೆಲ್ಲ ಹೇಳಿಕೊಂಡು ಮೆರೆದಿದ್ದೆವು. ಆಗ ನನ್ನ ಗಂಡನ ಕಿಡ್ನಿಗಳು ಕೆಲಸ ಮಾಡುತ್ತಿದ್ದವು.

ಆಮೇಲೆ ಅವು ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದೇ ಅವರ ನೌಕರಿಯಾಯಿತು. ಒಂದು ದಿನ ತಪ್ಪಿದರೆ ಏನಾಗುತ್ತದೆ ಎಂದು ನಮಗೆ ಮೊದಲ ಚಳಿಗಾಲದಲ್ಲೇ ಗೊತ್ತಾಯಿತು. ಗುರುವಾರ ಸಂಜೆ ಶುರುವಾದ ಹಿಮ ಶುಕ್ರವಾರ ಬೆಳಿಗ್ಗೆ ಪಾದ ಮುಳುಗುವಷ್ಟು ಬಿದ್ದಿತ್ತು. ಆಸ್ಪತ್ರೆಯ ವ್ಯಾನಿನವನು ಮೇಲಿನ ರಸ್ತೆಯಿಂದಲೇ ಫೋನ್ ಮಾಡಿ, ಕೆಳಗಿಳಿದರೆ ಮತ್ತೆ ಹತ್ತಲಾರೆ, ಅವರನ್ನೇ ಮೇಲೆ ಕರೆತನ್ನಿ ಎಂದ. ನಮ್ಮ ಪುಟ್ಟ ಕಾರಿನ ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ ಹಿಮವನ್ನು ನನ್ನ ಬಾಗಿಲಿಗೇ ಎರಚಿದವು. ನಡೆಸೋಣವೆಂದರೆ ಅವರಿಗೆ ಗೇಟಿನ ತನಕ ಹೋಗುವಷ್ಟರಲ್ಲಿ ಏದುಸಿರು. ಮಕ್ಕಳು ಹಿಮದಲ್ಲಿ ಜಾರುವ ಕೆಂಪು ಪ್ಲಾಸ್ಟಿಕ್ಕಿನ ಸ್ಲೆಡ್ಜನ್ನು ಪಕ್ಕದ ಮನೆಯವರು ತಂದು, ಇದರ ಮೇಲೆ ಕೂರಿಸಿ, ನಾವಿಬ್ಬರೂ ಎಳೆಯೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಗಂಡ ಆ ಸ್ಲೆಡ್ಜನ್ನು ನೋಡಿದರು, ಅದಕ್ಕೆ ಕಟ್ಟಿದ ಹಗ್ಗವನ್ನು ನೋಡಿದರು.

"ಹಗ್ಗ ಕಟ್ಟಿ ಎಳ್ಕೊಂಡು ಹೋಗೋಕೆ ನಾನೇನು ಹೆಣಾನಾ? ಇನ್ನೂ ಬದುಕಿದೀನಿ," ಎಂದು ಒಳಗೆ ಹೋಗಿ ಕೂತುಬಿಟ್ಟರು.

ಭಾನುವಾರದ ಹೊತ್ತಿಗೆ ಎದೆಯಲ್ಲಿ ನೀರು ತುಂಬಿತ್ತು. ಮಲಗಿದರೆ ಮುಳುಗಿದ ಹಾಗಾಗುತ್ತದೆ ಎಂದು ಕೂತೇ ಇದ್ದರು. ಆಂಬುಲೆನ್ಸಿನವರು ಗಾಡಿಯನ್ನು ಮೇಲೆ ನಿಲ್ಲಿಸಿ, ಕುರ್ಚಿಯಲ್ಲಿ ಕೂರಿಸಿ, ಜಾರುತ್ತ ಜಾರುತ್ತ ಹೊತ್ತುಕೊಂಡು ಹೋದರು. ನಾನು ಹಿಂದೆ ಚೀಲ ಹಿಡಿದುಕೊಂಡು, ಧಾರವಾಡದಿಂದ ತಂದ ದೇವರನ್ನೆಲ್ಲ ಹೆಸರು ಹಿಡಿದು ಬೈಯುತ್ತ ಹತ್ತಿದೆ. ಅವರು ಉಳಿದರು. ಇನ್ನೊಮ್ಮೆ ಹೀಗೆ ಆಗಕೂಡದು ಎಂದಳು ಡಾಕ್ಟರು. ಆಕೆ ಮೆಲ್ಲಗೇ ಹೇಳಿದಳು, ಆದರೆ ನನ್ನ ಕಣ್ಣು ತಪ್ಪಿಸಿ ಹೇಳಿದಳು.

ಹೀಗಾಗಿ ಮುಂದಿನ ಚಳಿಗಾಲದೊಳಗೆ ನಮಗೊಂದು ಆಲ್ ವೀಲ್ ಡ್ರೈವ್ ಕಾರು ಬೇಕಾಯಿತು. ಇಂಜಿನ್ನಿನ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರವಲ್ಲ, ನಾಲ್ಕಕ್ಕೂ ಹೋಗುವ ಕಾರು. ಹೊಸದು ನಮ್ಮ ಕೈಗೆಟುಕುವಂಥದ್ದಲ್ಲ, ಹಳೆಯದೇ ಆಗಬೇಕು. ಓದಲು ಬೇರೆ ಊರಿಗೆ ಹೋಗಿರುವ ಮಗಳು ಫೋನಿನಲ್ಲಿ ನಕ್ಕಳು.

"ಅಮ್ಮಾ, ಇಟ್ ಹಾರ್ಡ್ಲಿ ಸ್ನೋಸ್. ಜಸ್ಟ್ ಬುಕ್ ಅ ರೂಮ್ ನಿಯರ್ ದ ಹಾಸ್ಪಿಟಲ್."

"ಹಿಮ ಏನು ಹೇಳಿ ಕಳಿಸಿ ಬರ್ತದೇನವಾ?" ಎಂದೆ.

ಮನೆ ಮಾರಿಬಿಡಿ ಎಂದು ಇನ್ಯಾರೋ ಹೇಳಿದರು. ಬೋರ್ಡು ಹಾಕಿ ನೋಡಿದ್ದೂ ಆಗಿತ್ತು. ನೋಡಲು ಬಂದವರೆಲ್ಲ ಆ ಏರನ್ನು ಒಮ್ಮೆ ನೋಡಿ, ಹಿತ್ತಲನ್ನು ಹೊಗಳಿ ಹೋದರು.

ಬೇಸಿಗೆಯಿಡೀ ನನ್ನ ಗಂಡ ಡಯಾಲಿಸಿಸ್ ಮಂಚದ ಮೇಲೆ ಒಂದು ಕೈಗೆ ಸೂಜಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕಾರುಗಳನ್ನು ನೋಡುತ್ತಿದ್ದರು. ಮೊದಲಿನಿಂದಲೂ ಗಾಡಿಯ ಹುಚ್ಚು. ಮೈಸೂರಿನಲ್ಲಿ ಕಾಲೇಜು ಓದುವಾಗಲೇ ಅಕ್ಕಪಕ್ಕದವರ ಸ್ಕೂಟರನ್ನೆಲ್ಲ ಬಿಚ್ಚಿ ಜೋಡಿಸಿದವರು. ಅವರ ಮುಖದಲ್ಲಿ ಕಳೆ ಬರುತ್ತಿದ್ದುದು ಈ ಹೊತ್ತಿನಲ್ಲಿ ಮಾತ್ರ, ಅದಕ್ಕೇ ನಾನೂ ಎಲ್ಲಕ್ಕೂ ಹೂಂಗುಟ್ಟುತ್ತಿದ್ದೆ. ಹಳೆಯ ದೊಡ್ಡ ಡೀಸೆಲ್ ಗಾಡಿಗಳು ಅಗ್ಗಕ್ಕೆ ಸಿಗುತ್ತಿದ್ದವು, ಆದರೆ ಅವುಗಳ ಹೊಗೆಗೆ ಲಂಡನ್ನಿನಲ್ಲಿ ರಸ್ತೆಗಿಳಿದ ದಿನವೆಲ್ಲ ತೆರಿಗೆ. ಪೆಟ್ರೋಲಿನವು ಬೇಕು. ಪೆಟ್ರೋಲಿನವು ಕಡಿಮೆ. ಇದ್ದವು ಎಲ್ಲೋ ಲಂಡನ್ನಿನ ಆ ತುದಿಯಲ್ಲಿ. ಡಯಾಲಿಸಿಸ್ ಇಲ್ಲದ ದಿನ ನನ್ನ ಪುಟ್ಟ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಊರೆಲ್ಲ ಅಲೆದೆ. ಎಲೆಗಳು ಹಳದಿಯಾದವು, ಉದುರಿದವು. ನನಗೆ ಬೆಳಿಗ್ಗೆ ಎದ್ದ ಕೂಡಲೇ ಪರದೆ ಸರಿಸಿ ಆಕಾಶ ನೋಡುವ ಚಟ ಹಿಡಿಯಿತು.

ಹೇಸ್‌ನಲ್ಲಿ ಒಬ್ಬ ಎತ್ತರದ ಕಪ್ಪು ಗಾಡಿ ತೋರಿಸಿ, ಇದು ಬೆಟ್ಟವನ್ನೇ ಹತ್ತುತ್ತದೆ ಎಂದ. ನನ್ನ ಗಂಡ ಅವನಿಗೆ ಏನೂ ಹೇಳದೆ ನನ್ನ ಕಡೆ ತಿರುಗಿದರು.

"ಬಗ್ಗಿ ನೋಡು. ಮುಂದಿನಿಂದ ಹಿಂದಿನ ಚಕ್ರದ ತನಕ ನಡುವೆ ಉದ್ದಕ್ಕೆ ಒಂದು ಕಬ್ಬಿಣದ ರಾಡು ಇದೆಯಾ ಹೇಳು."

ಅವರಿಗೆ ಬಗ್ಗಲಾಗದು. ಚೂಡಿದಾರದ ಮೇಲೆ ಕೋಟು ಹಾಕಿಕೊಂಡ ಹೆಂಗಸು ಒದ್ದೆ ರಸ್ತೆಯ ಮೇಲೆ ಮಲಗಿ, ಫೋನಿನ ಬೆಳಕು ಬಿಟ್ಟು ಕಾರಿನ ಹೊಟ್ಟೆ ನೋಡುವುದನ್ನು ಆ ಬೀದಿಯವರು ಕಂಡಿರಲಿಲ್ಲವೇನೋ, ಒಬ್ಬರು ನಿಂತೇ ನೋಡಿದರು. ರಾಡು ಇರಲಿಲ್ಲ. ಅದೇ ಮಾದರಿ ಎರಡು ಚಕ್ರದ್ದೂ ಬರುತ್ತದಂತೆ, ನಾಲ್ಕರದ್ದೂ ಬರುತ್ತದಂತೆ. ಇದರ ಹಿಂದಿನ ಚಕ್ರಗಳು ಮದುವೆಗೆ ಬಂದ ಬೀಗರ ಹಾಗೆ ಸುಮ್ಮನೆ ಜೊತೆಗೆ ಬರುವಂಥವು. ಆ ಮಾರುವವನಿಗೆ ನಾನು ಅಚ್ಚ ಧಾರವಾಡದ ಕನ್ನಡದಲ್ಲಿ ಎರಡು ಮಾತು ಆಡಿದೆ. ಅರ್ಥ ಆಗದಿದ್ದರೂ ಅವನಿಗೆ ಮುಟ್ಟಿತು.

ಪ್ರತಿ ಕಾರಿನ ಹತ್ತಿರವೂ ನನ್ನ ಗಂಡನ ಪರೀಕ್ಷೆ ಒಂದೇ ಬಗೆಯದು. ಮೊದಲು ನನ್ನನ್ನು ಸ್ಟಿಯರಿಂಗಿನ ಮುಂದೆ ಕೂರಿಸುವುದು. ಕಾಲು ಪೂರ್ತಿ ಎಟುಕುತ್ತಾ? ಹಿಂದೆ ನೋಡು, ಗಾಜಿನಲ್ಲಿ ಏನೇನು ಕಾಣಿಸುತ್ತೆ? ರಿವರ್ಸ್ ತಗೋ. ಡಿಕ್ಕಿಯ ಬಾಗಿಲು ಮೇಲೆತ್ತು, ಈಗ ಮುಚ್ಚು. ನಾನು ಕುಳ್ಳಿ. ಡಿಕ್ಕಿಯ ಬಾಗಿಲು ಮೇಲೆ ಹೋದರೆ ಹಿಡಿಯಲು ಜಿಗಿಯಬೇಕು. ಜಿಗಿದರೆ ಅವರು ನಗುತ್ತಿದ್ದರು. ಮದುವೆಯಾದಾಗಿನಿಂದ ನನ್ನ ಎತ್ತರದ ಮೇಲೆ ಅವರ ಕಣ್ಣು, ಇದೂ ಅದೇ ಗೇಲಿ ಎಂದುಕೊಂಡೆ.

ರೇನರ್ಸ್ ಲೇನಿನಲ್ಲಿ ಸಿಕ್ಕಿತು ನೋಡಿ ಗಾಡಿ. ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸಿನದು. ದೊಡ್ಡ ಗಾಡಿ, ಬೂದು ಬಣ್ಣ, ಪೆಟ್ರೋಲು, ಒಬ್ಬರದೇ ಕೈಯಲ್ಲಿ ಓಡಿದ್ದು. ನಾನು ಹೇಳಿಸಿಕೊಳ್ಳದೆಯೇ ಮಲಗಿ ನೋಡಿದೆ, ರಾಡು ಇತ್ತು. ಸೀಟು ಎತ್ತರವಾಗಿ ಅಗಲವಾಗಿ, ಡಯಾಲಿಸಿಸ್ ಮುಗಿಸಿ ತಲೆ ಸುತ್ತುತ್ತ ಬರುವವರು ಕುಂಡಿಯೂರಿ ಕಾಲು ಒಳಗೆಳೆದುಕೊಂಡರೆ ಸಾಕು, ಹಾಗಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು. ಮುಂಗಡ ಕೊಡಲು ಚೀಲಕ್ಕೆ ಕೈ ಹಾಕಿದೆ.

"ಇವತ್ತು ಶನಿವಾರ," ಎಂದರು ನನ್ನ ಗಂಡ, ಫುಟ್‌ಪಾತಿನ ಮೇಲೆ ಕೋಲೂರಿ ನಿಂತು.

"ಹೌದು. ಅದಕ್ಕ?"

"ಶನಿವಾರ ಕಬ್ಬಿಣ ತಗೋಬಾರದು. ನೀನೇ ಹೇಳ್ತೀಯಲ್ಲ."

ನನಗೆ ನೆಲವೇ ಸಿಗದ ಹಾಗಾಯಿತು. ಹೇಳುವವಳು ನಾನೇ, ನಿಜ. ಶನಿವಾರ ಕಬ್ಬಿಣ ಕೊಂಡರೆ ಶನಿಯನ್ನೇ ಮನೆಗೆ ಕರೆತಂದ ಹಾಗೆ ಎಂದು ನನ್ನ ಅವ್ವ ಸೂಜಿಯನ್ನೂ ಕೊಳ್ಳುತ್ತಿರಲಿಲ್ಲ. ನಾನೂ ಬಾಣಲೆ, ಚಾಕು ಅಂತ ಈ ದೇಶದಲ್ಲೂ ಪಾಲಿಸಿಕೊಂಡು ಬಂದಿದ್ದೆ. ಆದರೆ ಇವರು? ಇವರು ತಮ್ಮ ಮೊದಲ ಸ್ಕೂಟರನ್ನು ಬೇಕೆಂದೇ ರಾಹುಕಾಲ ನೋಡಿ ಮನೆಗೆ ತಂದು ತಾಯಿಯನ್ನು ಅಳಿಸಿದವರು. ನನ್ನ ಶನಿವಾರದ ಎಳ್ಳೆಣ್ಣೆ ದೀಪಕ್ಕೆ ಕೈ ಕಾಯಿಸಿಕೊಳ್ಳುತ್ತ, ಹೀಟರಿಗಿಂತ ಅಗ್ಗ ಎಂದು ನಗುವವರು. ರೋಗ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ. ಹೆದರಿದವರ ಜೊತೆ ಎಂಥ ವಾದ ಎಂದು ಚೀಲ ಮುಚ್ಚಿದೆ. ಜೊತೆಗೆ, ಸುಳ್ಳು ಯಾಕೆ, ನನ್ನ ಒಳಗೂ ಅವ್ವನ ದನಿ ಕೇಳಿತು. ನಾಳೆ ಬರುತ್ತೇವೆ ಎಂದು ಆ ಹೆಂಗಸಿಗೆ ಹೇಳಿದೆ. ಮೊದಲು ಬಂದವರಿಗೆ ಕೊಡುತ್ತೇನೆ ಎಂದು ಆಕೆ ನಯವಾಗಿಯೇ ಹೇಳಿದಳು. ಶನಿವಾರಕ್ಕೂ ಕಾರಿಗೂ ಏನು ಸಂಬಂಧ ಎಂದು ಆಕೆಗೆ ನಾನು ಯಾವ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲಿ?

ಭಾನುವಾರ ಬೆಳಿಗ್ಗೆ ಹೊರಡುವ ಮೊದಲು ಫೋನ್ ಮಾಡಿದೆ. ಶನಿವಾರ ಸಂಜೆಯೇ ಯಾರೋ ಒಯ್ದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಡುಗೆಮನೆಯಲ್ಲಿ ಆಲೂಗಡ್ಡೆ ನೆನೆಹಾಕಿದ್ದೆ. ಕಿಡ್ನಿ ಕೆಟ್ಟವರಿಗೆ ಆಗದ ಪೊಟ್ಯಾಶಿಯಂ ಇಳಿಯಲೆಂದು ನೀರು ಬದಲಿಸುತ್ತ ಬದಲಿಸುತ್ತ ನೆನೆಸಿ, ಬೇಯಿಸಿ, ಆ ನೀರನ್ನೂ ಬಸಿದು, ರುಚಿಯೆಲ್ಲ ಸತ್ತ ಮೇಲೆ ಅವರಿಗೆ ಬಡಿಸಬೇಕು. ಪಾತ್ರೆಯನ್ನು ಸಿಂಕಿಗೆ ಕುಕ್ಕಿದೆ. ಕಿಟಕಿಯಾಚೆ ಹುಲ್ಲಿನ ಮೇಲೆ ಆ ವರ್ಷ ಮೊದಲ ಸಲ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಹೋತು, ನೋಡ್ರಿ! ಎಂಥಾ ಗಾಡಿ ಹೋತು! ಆ ಸೀಟರ ಹೆಂಗಿತ್ತು, ನಿಮಗಂತನ ಮಾಡಿಟ್ಟಂಗಿತ್ತು..." ಎನ್ನುತ್ತಿದ್ದಂತೆ ನನಗೇ ಏನೋ ಹೊಳೆದು ಬಾಯಿ ನಿಂತಿತು. ತಿರುಗಿ ಅವರನ್ನು ನೋಡಿದೆ. "ನೀವು ಅದರಾಗ ಕೂತು ನೋಡಲೇ ಇಲ್ಲ."

ಅವರು ಮೇಜಿನ ಮೇಲಿದ್ದ ಐಸಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು.

"ಅದರಾಗ ಅಷ್ಟ ಅಲ್ಲ. ಇಷ್ಟು ಗಾಡಿ ನೋಡಿದ್ವಿ. ಒಮ್ಮೆರ ಬಾಜೂದ ಸೀಟಿನಾಗ ಕೂತು ನೋಡೀರೇನು? ನನ್ನ ಕಾಲು ಎಟುಕ್ತಾವೇನು, ನನಗ ಹಿಂದ ಕಾಣ್ತದೇನು, ನನ್ನ ಕೈಲೆ ಡಿಕ್ಕಿ ಮುಚ್ಚಲಿಕ್ಕೆ ಆಗ್ತದೇನು... ನಿಮ್ಮದು? ನಿಮ್ಮ ಕಾಲು? ಆಸ್ಪತ್ರೆಗೆ ಹೋಗೋರು ಯಾರ್ರೀ?"

ಅವರು ಐಸಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡರು. ಹೆಚ್ಚು ನೀರು ಕುಡಿಯುವಂತಿಲ್ಲವಲ್ಲ, ಬಾಯಾರಿದರೆ ಅದೇ.

"ಅಷ್ಟು ದೊಡ್ಡ ಗಾಡಿ ಒಬ್ಬಳೇ ಹೇಗೆ ನಿಲ್ಲಿಸ್ತೀಯೆ? ಡಿಕ್ಕಿ ಮುಚ್ಚೋಕೆ ಜಿಗೀತಿದ್ದೆ. ನಾನು ಒಂದು ಚಳಿಗಾಲಕ್ಕೆ ನೋಡ್ತಿಲ್ಲ ಕಣೆ. ಆಮೇಲಿಂದಕ್ಕೆ ನೋಡ್ತಿದೀನಿ. ಈ ಏರು ನಾನು ಹೋದ ಮೇಲೂ ಇಲ್ಲೇ ಇರುತ್ತೆ."

"ಮತ್ತ ಶನಿವಾರ ಅಂದಿದ್ದು?"

"ಬೇರೆ ಏನು ಹೇಳಿದ್ರೆ ನೀನು ಕೇಳ್ತಿದ್ದೆ?"

ಅವರು ಹೆದರಿರಲಿಲ್ಲ, ಲೆಕ್ಕ ಹಾಕಿದ್ದರು. ನನ್ನ ಇಷ್ಟು ವರ್ಷದ ನಂಬಿಕೆಯಲ್ಲಿ ನನ್ನನ್ನು ನಿಲ್ಲಿಸುವ ಒಂದೇ ಒಂದು ಬ್ರೇಕು ಯಾವುದೆಂದು ಗೊತ್ತಿದ್ದು, ಅದನ್ನೇ ಒತ್ತಿದ್ದರು. ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ದುಃಖವೂ ಅದರೊಳಗೇ ಇತ್ತು, ಆದರೆ ಮುಂದೆ ಬಂದದ್ದು ಸಿಟ್ಟು. ನಾನು ಈ ಮನುಷ್ಯನನ್ನು ಉಳಿಸಲು ರಸ್ತೆಯ ಮೇಲೆ ಬೋರಲು ಬಿದ್ದು ಕಾರಿನ ಹೊಟ್ಟೆ ನೋಡುತ್ತಿದ್ದೆ. ಈ ಮನುಷ್ಯ ಪಕ್ಕದಲ್ಲಿ ನಿಂತು ತಾನಿಲ್ಲದ ಮನೆಗೆ ಸಾಮಾನು ಆರಿಸುತ್ತಿದ್ದ.

"ನನಗ ವಿಧವಾ ಗಾಡಿ ಬ್ಯಾಡ," ಎಂದೆ. ಎಂದೂ ಬಾಯಿಗೆ ತರದ ಮಾತು. "ಮುಂದಿನ ಗಾಡಿಯಾಗ ಮೊದಲು ನೀವು ಕೂಡಬೇಕು. ನಿಮಗ ಸರಿ ಆದರಷ್ಟ ನಾನು ಕೂಡತೇನಿ. ಮತ್ತ ಅದನ್ನ ಶನಿವಾರನ ತರತೇನಿ. ಶನಿ ಏನು ಮಾಡ್ಕೋತಾನ ಮಾಡ್ಕೋಲಿ, ಮನಿಯೊಳಗ ಬಂದು ಕೂತಾನಲ್ಲ ಆಗಲೇ."

ಅವರು ನಗಲಿಲ್ಲ. ಮಾರನೆಯ ದಿನ ಆಸ್ಪತ್ರೆಗೆ ಹೋಗುವಾಗ ರೇಡಿಯೋದಲ್ಲಿ ಉತ್ತರದ ಕಡೆ ಹಿಮ ಎಂದರು. ಇಬ್ಬರೂ ಕೇಳಿಸಿಕೊಂಡೆವು.

ಈಸ್ಟ್ ಹ್ಯಾಮಿನ ಗಾಡಿ ಸಿಕ್ಕಿದ್ದು ಹೀಗೆ. ಅಲ್ಲಿ ಹೋಟೆಲ್ ನಡೆಸುವ ಕುಂದಾಪುರದವರೊಬ್ಬರು, ಅಡುಗೆಯ ಆರ್ಡರು ಹೆಚ್ಚಾಗಿ ವ್ಯಾನು ಕೊಂಡು, ತಮ್ಮ ಕಾರನ್ನು ಮಾರಲಿಟ್ಟಿದ್ದರು. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಬಾಗಿಲ ಹತ್ತಿರ ಒಂದು ತಗ್ಗು, ಪಾತ್ರೆ ತಾಗಿಸಿದ್ದಂತೆ. ಶನಿವಾರ ಮುಂಜಾನೆ ಹೋದೆವು. ಮಲಗಿ ನೋಡಿದೆ, ರಾಡು ಇತ್ತು. ನಾನು ಪಕ್ಕದ ಸೀಟಿನ ಬಾಗಿಲು ತೆಗೆದು ನಿಂತೆ.

"ಕೂಡ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೂತು, ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಂಡು, ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ಎಷ್ಟೋ ಹೊತ್ತು ಹಾಗೇ ಇದ್ದರು. ನನಗೆ ಗಾಬರಿಯಾಗಿ ಬಗ್ಗಿದೆ. ಅವರು ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು.

"ಹುಳಿ ವಾಸನೆ ಕಣೆ," ಎಂದರು, ಕಣ್ಣು ತೆಗೆಯದೆ. "ಇಂಗು, ಬೇಳೆ, ಕರಿಬೇವು. ಈ ಸೀಟಿಗೆಲ್ಲ ಹತ್ತಿದೆ."

ವರ್ಷಗಟ್ಟಲೆ ಆ ಕಾರಿನಲ್ಲಿ ಸಾಂಬಾರಿನ ಡಬರಿಗಳು ಓಡಾಡಿದ್ದವು. ಮೈಸೂರಿನವರಿಗೆ ಹುಳಿಯೇ ಊಟ. ಡಯಾಲಿಸಿಸ್ ಶುರುವಾದಂದಿನಿಂದ ಇವರ ತಟ್ಟೆಗೆ ಅದು ಚಮಚದಲ್ಲಿ ಬೀಳುತ್ತಿತ್ತು. ಹೋಟೆಲಿನವರು ಸಂಕೋಚಪಟ್ಟುಕೊಂಡು, ತೊಳೆಸಿ ಕೊಡುತ್ತೇನೆ ಎಂದರು.

"ತೊಳಿಸಬೇಡಿ ಸ್ವಾಮಿ," ಎಂದರು ನನ್ನ ಗಂಡ. ಎಷ್ಟೋ ತಿಂಗಳ ಮೇಲೆ ಇವರು ತಮಗಾಗಿ ಏನನ್ನಾದರೂ ಬೇಕು ಎಂದದ್ದು ಅದೇ.

ಶನಿವಾರ ಆಯಿತಲ್ಲ, ನಿಮಗೇನೂ ಅಡ್ಡಿ ಇಲ್ಲವೇ ಎಂದು ನಾನು ಹೋಟೆಲಿನವರನ್ನು ಕೇಳಿದೆ. "ಶನಿವಾರ ಹೋಟ್ಲಲ್ಲಿ ರಷ್ಷು ಮಾರಾಯ್ರೆ, ಬೇಗ ತಕಂಡ್ ಹೋಯ್ನಿ," ಎಂದು ಅವರು ಬೀಗದ ಕೈ ಕೊಟ್ಟರು. ಮನೆಗೆ ತಂದು ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟೆ. ಶನಿವಾರವನ್ನು ಬಿಟ್ಟುಕೊಟ್ಟಿದ್ದೆ, ನಿಂಬೆಹಣ್ಣನ್ನು ಬಿಟ್ಟುಕೊಡುವಷ್ಟು ಧೈರ್ಯ ನನಗಿರಲಿಲ್ಲ. ನಾಲ್ಕೂ ಚಕ್ರಕ್ಕೆ ಬಲ ಇದ್ದರೆ ಸಾಲದು, ಹಿಡಿತವೂ ಬೇಕು ಎಂದು ಅವರು ಚಳಿಗೆ ಆಗುವ ಟೈರುಗಳನ್ನು ಹಾಕಿಸಿದರು. ದಿನವೂ ನನ್ನನ್ನು ಆ ಏರಿಗೆ ಹತ್ತಿಸಿ ಇಳಿಸಿದರು. ಈಗ ಪಕ್ಕದ ಸೀಟಿನಲ್ಲೇ ಕೂತು.

"ಹಿಮದಲ್ಲಿ ಹತ್ತೋವಾಗ ನಿಲ್ಲಿಸಬೇಡ. ನಿಲ್ಲಿಸಿದ್ರೆ ಮುಗೀತು, ಹಿಂದಕ್ಕೆ ಜಾರುತ್ತೆ. ಕಾಲು ಒಂದೇ ಸಮ ಇಟ್ಕೋ. ಮುಂದೆ ನೋಡ್ತಿರು. ಪಕ್ಕದಲ್ಲಿ ಯಾರು ಏನಂದ್ರೂ ಈ ಕಡೆ ತಿರುಗಬೇಡ."

ಹಿಮ ಬಂದದ್ದು ಒಂದು ಬುಧವಾರ. ಪರದೆ ಸರಿಸಿದರೆ ಹಿತ್ತಲೂ ಇಲ್ಲ, ರಸ್ತೆಯೂ ಇಲ್ಲ, ಎಲ್ಲ ಒಂದೇ ಬಿಳಿ. ಇನ್ನೂ ಬೀಳುತ್ತಲೇ ಇತ್ತು. ಅವರಿಗೆ ಹಿಂದಿನ ದಿನದಿಂದಲೇ ಪಾದ ಬಾತಿದ್ದವು, ಉಸಿರು ಸಣ್ಣಗೆ ಸದ್ದು ಮಾಡುತ್ತಿತ್ತು. ಸಲಿಕೆಯಿಂದ ಕಾರಿನ ಮುಂದಿನ ಹಿಮ ಎತ್ತಿಹಾಕಿ ಅವರನ್ನು ಕೂರಿಸಿದೆ. ಬೀದಿಯ ಬೇರೆ ಕಾರುಗಳೆಲ್ಲ ಬಿಳಿಯ ದಿಬ್ಬಗಳಾಗಿ ಮಲಗಿದ್ದವು. ಪಕ್ಕದ ಮನೆಯ ಬಾಗಿಲಲ್ಲಿ ಅದೇ ಕೆಂಪು ಸ್ಲೆಡ್ಜ್ ಒರಗಿತ್ತು.

ಕಾರು ಹೊರಟಿತು. ಮೊದಲು ಸ್ವಲ್ಪ ತಡವರಿಸಿತು, ಹಿಂದಿನಿಂದ ಯಾರೋ ಹೆಗಲು ಕೊಟ್ಟ ಹಾಗೆ ಆಯಿತು, ಏರಿಗೆ ಹಿಡಿಯಿತು. ಟೈರುಗಳ ಕೆಳಗೆ ಹಿಮ ಕರಕರ ಎಂದಿತು. ನನ್ನ ಬೆರಳುಗಳು ಸ್ಟಿಯರಿಂಗಿಗೆ ಅಂಟಿಕೊಂಡಿದ್ದವು, ಹಲ್ಲು ಕಚ್ಚಿದ್ದೆ. ಹೀಟರು ಬಿಸಿಯಾಗುತ್ತಿದ್ದ ಹಾಗೆ ಕಾರಿನೊಳಗೆ ಹುಳಿಯ ವಾಸನೆ ಎದ್ದಿತು. ಹಿಂದಿನ ವರ್ಷ ಆಂಬುಲೆನ್ಸಿನವರು ಉಸಿರು ತೆಗೆದುಕೊಳ್ಳಲು ಕುರ್ಚಿ ಇಳಿಸಿದ್ದ ದೀಪದ ಕಂಬವನ್ನು ದಾಟಿದೆವು.

ಆಗ ಅವರು ಕೈ ಮುಂದೆ ಚಾಚಿ ಡ್ಯಾಶ್‌ಬೋರ್ಡನ್ನು ತಟ್ಟಿದ್ದು ನನ್ನ ಕಣ್ಣಂಚಿಗೆ ಕಂಡಿತು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈ. ಎತ್ತಿನ ಬೆನ್ನು ತಟ್ಟುವ ಹಾಗೆ ಮೆತ್ತಗೆ ತಟ್ಟಿ ಹೇಳಿದರು, ನನಗಲ್ಲ, ಕಾರಿಗೆ.

"ಇವಳನ್ನ ನೋಡ್ಕೋಪ್ಪ."

ನನ್ನ ಕಣ್ಣು ಮಂಜಾಯಿತು. ನಿಲ್ಲಿಸಿ ಅವರ ಕೈ ಹಿಡಿಯಬೇಕು, ಬೈಯಬೇಕು, ಅವರ ಎದೆಗೆ ತಲೆಯಿಟ್ಟು ಅಲ್ಲೇ ಆ ಹಿಮದ ನಡುವೆ ಜೋರಾಗಿ ಅಳಬೇಕು ಎನ್ನಿಸಿತು. ನಿಲ್ಲಿಸಬಾರದು ಎಂದು ಕಲಿಸಿದವರೂ ಅವರೇ. ಕಾಲು ತೆಗೆಯಲಿಲ್ಲ. ಅವರ ಕಡೆ ತಿರುಗಲಿಲ್ಲ. ಮೇಲಿನ ರಸ್ತೆಯ ದೀಪ ಇನ್ನೂ ದೂರದಲ್ಲಿತ್ತು.

"ಸುಮ್ಮ ಕೂಡ್ರಿ," ಎಂದೆ. "ಏರು ಇನ್ನೂ ಮುಗಿದಿಲ್ಲ."